ಹಂಚಿನ ಮನೆಯ ಪಡಸಾಲೆಯ ನವೀಕರಣ: ಮಾಡಿನಿಂದ ನೆಲದವರೆಗೆ ಒಂದು ಸಮಗ್ರ ಮಾರ್ಗದರ್ಶಿ

ಮಲೆನಾಡಿನ ನಮ್ಮ ಮನೆಯ ಪಡಸಾಲೆ 22 ಅಡಿ ಉದ್ದ, 14 ಅಡಿ ಅಗಲ. ಅಜ್ಜ ಕಟ್ಟಿಸಿದಾಗ ಅದಕ್ಕೆ ಜಂಬಿಟ್ಟಿಗೆಯ (ಕೆಂಪು ಮುರಕಲ್ಲಿನ) ಗೋಡೆ, ಸುಣ್ಣದ ಗಾರೆಯ ಗಿಲಾವು, ಕೆಂಪು ನೆಲ, ಮೇಲೆ ಮಂಗಳೂರು ಹಂಚು ಇದ್ದವು. 1990ರ ಸುಮಾರಿಗೆ ಮನೆಯವರು ಅದನ್ನು ಹೊಸ ಕಾಲಕ್ಕೆ ಒಗ್ಗಿಸಲು ಹೊರಟರು. ಗೋಡೆಯ ಕೆಳಗಿನ ನಾಲ್ಕು ಅಡಿಗೆ ಸಿಮೆಂಟ್ ಬಳಿದರು, ಮರದ ಕಂಬಗಳಿಗೆ ಎಣ್ಣೆಬಣ್ಣ ಹೊಡೆಸಿದರು, ಹಂಚು ಕಾಣದಂತೆ ಹಾರ್ಡ್‌ಬೋರ್ಡಿನ ಸೀಲಿಂಗ್ ಕಟ್ಟಿಸಿದರು, ಒಂದು ಗೋಡೆಯುದ್ದಕ್ಕೂ ಪ್ಲೈವುಡ್ ಶೋಕೇಸ್ ಕೂರಿಸಿದರು. ಎಲ್ಲವೂ ಒಳ್ಳೆಯ ಮನಸ್ಸಿನಿಂದಲೇ ಆಯಿತು. ಆದರೆ ವರ್ಷಗಳು ಕಳೆದಂತೆ ಸಿಮೆಂಟಿನ ಮೇಲಂಚಿನಲ್ಲಿ ಗೋಡೆ ಉಪ್ಪು ಬಿಡತೊಡಗಿತು, ಸೀಲಿಂಗಿನ ಮೇಲೆ ಇಲಿಗಳು ಸಂಸಾರ ಹೂಡಿದವು, ಹಗಲಿನಲ್ಲೂ ಟ್ಯೂಬ್‌ಲೈಟ್ ಉರಿಸಬೇಕಾಯಿತು. ಒಂದು ಕಾಲದಲ್ಲಿ ಇಡೀ ಮನೆ ಸೇರುತ್ತಿದ್ದ ಜಾಗ ಅಡಿಕೆ ಮೂಟೆ ಇಡುವ ಕೋಣೆಯಾಯಿತು.

ಆ ಪಡಸಾಲೆಯನ್ನು ಮತ್ತೆ ಕೂರುವಂತೆ ಮಾಡಲು ನಮಗೆ ಎರಡು ಬೇಸಿಗೆಗಳು ಬೇಕಾದವು. ಆ ಅನುಭವದಿಂದ ಕಲಿತದ್ದನ್ನು ಇಲ್ಲಿ ಕ್ರಮವಾಗಿ ಬರೆದಿದ್ದೇನೆ. ಶಿವಮೊಗ್ಗ, ಚಿಕ್ಕಮಗಳೂರು, ಉತ್ತರ ಕನ್ನಡ, ಕರಾವಳಿ ಮತ್ತು ಹಳೆಯ ಮೈಸೂರು ಭಾಗದ ಹಂಚಿನ ಮನೆಗಳಿಗೆ ಇದರ ಬಹುಪಾಲು ಹೊಂದುತ್ತದೆ. ಆರ್‌ಸಿಸಿ ತಾರಸಿಯ ಮನೆಯವರು ಮಾಡಿನ, ಅಂದರೆ ಹಂಚಿನ ಛಾವಣಿಯ, ಭಾಗವನ್ನು ಬಿಟ್ಟು ಉಳಿದದ್ದನ್ನು ಓದಬಹುದು.

ಮಳೆಯನ್ನು ನೋಡದೆ ಉಳಿ ಎತ್ತಬೇಡಿ

ಹಳೆಯ ಮನೆಯ ಕಾಯಿಲೆಗಳಲ್ಲಿ ಹೆಚ್ಚಿನವು ನೀರಿನಿಂದ ಬರುತ್ತವೆ, ಮತ್ತು ನೀರು ತನ್ನ ದಾರಿಯನ್ನು ತೋರಿಸುವುದು ಮಳೆಗಾಲದಲ್ಲಿ ಮಾತ್ರ. ಸಾಧ್ಯವಿದ್ದರೆ ಜೂನ್‌ನಿಂದ ಸೆಪ್ಟೆಂಬರ್‌ವರೆಗೆ ಏನನ್ನೂ ಮುಟ್ಟದೆ ಕೇವಲ ನೋಡಿ. ಒಂದು ನೋಟ್‌ಬುಕ್‌ನಲ್ಲಿ ಪಡಸಾಲೆಯ ನಾಲ್ಕು ಗೋಡೆಗಳ ಚಿತ್ರ ಬರೆದುಕೊಳ್ಳಿ. ಜೋರು ಮಳೆ ಬಂದ ದಿನ ಎಲ್ಲಿ ಹನಿ ಬಿತ್ತು, ಎಲ್ಲಿ ಗೋಡೆ ಕಪ್ಪಾಯಿತು, ಆ ಕಪ್ಪು ನೆಲದಿಂದ ಎಷ್ಟು ಎತ್ತರಕ್ಕೆ ಏರಿತು ಎಂಬುದನ್ನು ದಿನಾಂಕ ಸಹಿತ ಗುರುತಿಸಿ. ಮೇಲಿನಿಂದ ಇಳಿಯುವ ಕಲೆ ಮಾಡಿನ ದೋಷ, ಕೆಳಗಿನಿಂದ ಏರುವ ಕಲೆ ಅಂಗಳದ ದೋಷ. ಎರಡಕ್ಕೂ ಮದ್ದು ಬೇರೆ ಬೇರೆ.

ಗೋಡೆಯ ನಡುವೆ ತೇವ ಕಂಡು ಅದು ಎಲ್ಲಿಂದ ಬಂತೆಂದು ತಿಳಿಯದಿದ್ದರೆ ಒಂದು ಸರಳ ಪರೀಕ್ಷೆ ಇದೆ. ಎರಡು ಅಡಿ ಚೌಕದ ಪ್ಲಾಸ್ಟಿಕ್ ಹಾಳೆಯನ್ನು ಗೋಡೆಗೆ ನಾಲ್ಕೂ ಅಂಚು ಮುಚ್ಚುವಂತೆ ಟೇಪಿನಿಂದ ಅಂಟಿಸಿ ಎರಡು ಮೂರು ದಿನ ಬಿಡಿ. ಹಾಳೆಯ ಹಿಂದೆ, ಗೋಡೆಯ ಕಡೆ ನೀರು ಹನಿಗಟ್ಟಿದರೆ ತೇವ ಗೋಡೆಯೊಳಗಿನದು. ಕೋಣೆಯ ಕಡೆಗೆ ಹನಿಗಟ್ಟಿದರೆ ಅದು ಗಾಳಿಯ ತೇವ, ಅಂದರೆ ಕೋಣೆಗೆ ಗಾಳಿ ಓಡಾಟ ಸಾಲದು.

ಬಿರುಕುಗಳನ್ನೂ ಈ ಅವಧಿಯಲ್ಲಿ ಗಮನಿಸಿ. ಬಿರುಕಿನ ಎರಡೂ ತುದಿಗೆ ಪೆನ್ಸಿಲ್‌ನಿಂದ ಅಡ್ಡಗೆರೆ ಎಳೆದು ದಿನಾಂಕ ಬರೆಯಿರಿ. ನಾಲ್ಕು ತಿಂಗಳಲ್ಲಿ ಬಿರುಕು ಗೆರೆ ದಾಟದಿದ್ದರೆ ಅದು ಹಳೆಯ ಗಾಯ, ತುಂಬಿದರೆ ಸಾಕು. ದಾಟಿದರೆ, ಅಥವಾ ಬಿರುಕು ಕಿಟಕಿಯ ಮೂಲೆಯಿಂದ ಓರೆಯಾಗಿ ಮೇಲೇರಿ ಅಗಲವಾಗುತ್ತಿದ್ದರೆ, ಗಿಲಾವಿನವನನ್ನು ಕರೆಯುವ ಮೊದಲು ಕಟ್ಟಡದ ಇಂಜಿನಿಯರ್ ಒಬ್ಬರಿಗೆ ತೋರಿಸಿ.

ಗೋಡೆಯೊಳಗೆ ಏನಿದೆ?

ನವೀಕರಣದ ಎಲ್ಲ ನಿರ್ಧಾರಗಳೂ ಈ ಪ್ರಶ್ನೆಯ ಉತ್ತರವನ್ನು ಅವಲಂಬಿಸಿವೆ. ಹಳೆಯ ಸ್ವಿಚ್ ಬೋರ್ಡ್ ಬಿಚ್ಚಿದರೆ ಅದರ ಹಿಂದೆ ಗೋಡೆಯ ನಿಜರೂಪ ಕಾಣುತ್ತದೆ. ಜಂಬಿಟ್ಟಿಗೆಯೋ, ಸುಟ್ಟ ಇಟ್ಟಿಗೆಯೋ, ಹಸಿಮಣ್ಣಿನ ಗೋಡೆಯೋ ನೋಡಿ. ಗಿಲಾವನ್ನು ಮೊಳೆಯಿಂದ ಗೀರಿ: ಬಿಳಿ ಅಥವಾ ಕೆನೆ ಬಣ್ಣದ ಪುಡಿ ಸುಲಭವಾಗಿ ಉದುರಿದರೆ ಸುಣ್ಣದ ಗಾರೆ, ಬೂದುಬಣ್ಣವಿದ್ದು ಮೊಳೆಯೇ ಜಾರಿದರೆ ಸಿಮೆಂಟ್. ನಿಂಬೆರಸ ಹಾಕಿ ನೊರೆ ಬಂದರೆ ಸುಣ್ಣ ಎಂದು ಕೆಲವರು ಹೇಳುತ್ತಾರೆ. ಗಟ್ಟಿಯಾದ ಸಿಮೆಂಟಿನಲ್ಲೂ ಸುಣ್ಣದ ಅಂಶ ಇರುವುದರಿಂದ ಎರಡೂ ನೊರೆ ಬಿಡುತ್ತವೆ. ಆ ಪರೀಕ್ಷೆಯನ್ನು ನಂಬಬೇಡಿ.

ಇಂಥ ಮನೆಗಳಲ್ಲಿ ಕಾಂಕ್ರೀಟ್ ಕಂಬಗಳಿರುವುದಿಲ್ಲ. ಒಂದೂವರೆ ಅಡಿ ದಪ್ಪದ ಗೋಡೆಗಳೇ ಮಾಡಿನ ಭಾರ ಹೊರುತ್ತವೆ. ಪಡಸಾಲೆ ಮತ್ತು ಪಕ್ಕದ ಕೋಣೆಯ ನಡುವಿನ ಗೋಡೆ ತೆಗೆದು ದೊಡ್ಡ ಹಾಲ್ ಮಾಡುವ ಆಸೆ ಬಹಳ ಜನರಿಗೆ ಇರುತ್ತದೆ. ಆ ಗೋಡೆಯ ಮೇಲೆ ತೊಲೆ ಕೂತಿದೆಯೇ ಎಂದು ಮೊದಲು ಅಟ್ಟ ಹತ್ತಿ ನೋಡಿ. ಕೂತಿದ್ದರೆ, ಆಧಾರ ಕೊಟ್ಟು ಉಕ್ಕಿನ ತೊಲೆ ಕೂರಿಸದೆ ಒಂದು ಕಲ್ಲನ್ನೂ ಕೀಳುವಂತಿಲ್ಲ. ನನ್ನ ಅಭಿಪ್ರಾಯ ಕೇಳಿದರೆ, ಗೋಡೆಯನ್ನು ಅಲ್ಲಿಯೇ ಬಿಡಿ. ಪಡಸಾಲೆ ಇಕ್ಕಟ್ಟಾಗಿ ಕಾಣಲು ಸಾಮಾನ್ಯವಾಗಿ ಅಳತೆ ಕಾರಣವಲ್ಲ, ಕತ್ತಲೆ ಮತ್ತು ಸಾಮಾನುಗಳು ಕಾರಣ.

ಯಾವ ಕೆಲಸ ಯಾವಾಗ

ಕ್ರಮ ತಪ್ಪಿದರೆ ಒಂದೇ ಕೆಲಸಕ್ಕೆ ಎರಡು ಸಲ ಹಣ ಕೊಡಬೇಕಾಗುತ್ತದೆ. ಮೊದಲು ಬೇಡದ್ದನ್ನು ತೆಗೆಯುವುದು, ಆಮೇಲೆ ಮಾಡು, ಅಂಗಳದ ನೀರು, ಗೆದ್ದಲು, ವಿದ್ಯುತ್, ಗೋಡೆ, ನೆಲ, ಮರ, ಕೊನೆಗೆ ಬಣ್ಣ. ಮಲೆನಾಡಿನಲ್ಲಾದರೆ ಅಡಿಕೆ ಕೊಯ್ಲಿನ ಗಡಿಬಿಡಿ ಮುಗಿದ ಮೇಲೆ, ಜನವರಿ ಕೊನೆಯಲ್ಲಿ ಹಂಚು ಇಳಿಸಿ, ಏಪ್ರಿಲ್‌ನ ಗುಡುಗು ಮಳೆಗೆ ಮುನ್ನ ಮಾಡು ಮುಚ್ಚಿರಬೇಕು. ಸುಣ್ಣದ ಗಿಲಾವು ಅವಸರವನ್ನು ಸಹಿಸುವುದಿಲ್ಲ. ಅದಕ್ಕೆ ಆರು ವಾರಗಳನ್ನಾದರೂ ಇಟ್ಟುಕೊಳ್ಳಿ.

ಹಣದ ವಿಷಯದಲ್ಲಿ ಒಂದೇ ಸಲಹೆ: ಅಂದಾಜಿನ ಕಾಲು ಭಾಗವನ್ನು ಬೇರೆ ತೆಗೆದಿಡಿ. ಸೀಲಿಂಗ್ ಬಿಚ್ಚಿದ ದಿನ ನಮಗೆ ಮೂರು ಪಕಾಸಿಗಳು (ಹಂಚಿನ ಭಾರ ಹೊರುವ ಓರೆ ಮರಗಳು) ತುದಿಯಲ್ಲಿ ಕೊಳೆತಿರುವುದು ಕಂಡಿತು. ಬಿಚ್ಚುವ ಮೊದಲು ಅದನ್ನು ಯಾರೂ ಹೇಳಲು ಸಾಧ್ಯವಿರಲಿಲ್ಲ.

ತೆಗೆಯುವ ಕೆಲಸ

ಶೋಕೇಸ್, ಸೀಲಿಂಗ್, ಹಳೆಯ ಪರದೆ ಕಂಬಿ, ಗೋಡೆಗೆ ಹೊಡೆದ ಪ್ಲೈವುಡ್, ಎಲ್ಲವನ್ನೂ ನಿಧಾನವಾಗಿ ಬಿಚ್ಚಿ. ಸುತ್ತಿಗೆಗಿಂತ ಸ್ಕ್ರೂಡ್ರೈವರ್ ಮತ್ತು ಹಾರೆಕೋಲು ಹೆಚ್ಚು ಉಪಯೋಗಕ್ಕೆ ಬರುತ್ತವೆ. ನಮ್ಮ ಶೋಕೇಸಿನ ಹಿಂದೆ ಎರಡು ಗೋಡೆಗೂಡುಗಳು ಮುಚ್ಚಿಹೋಗಿದ್ದವು. ದೀಪ ಇಡಲು ಅಜ್ಜಿ ಬಳಸುತ್ತಿದ್ದ ಗೂಡುಗಳವು. ಈಗ ಅವುಗಳಲ್ಲಿ ಪುಸ್ತಕಗಳಿವೆ.

ಇಲ್ಲಿ ಎರಡು ಅಪಾಯಗಳನ್ನು ಗಂಭೀರವಾಗಿ ತೆಗೆದುಕೊಳ್ಳಬೇಕು. ಸೀಲಿಂಗ್ ಬೂದುಬಣ್ಣದ ಗಟ್ಟಿ ಸಿಮೆಂಟ್ ಶೀಟಿನದಾಗಿದ್ದರೆ ಅದರಲ್ಲಿ ಕಲ್ನಾರು (ಆಸ್ಬೆಸ್ಟಾಸ್) ಇರುವ ಸಾಧ್ಯತೆ ದೊಡ್ಡದು. ಅದನ್ನು ಗರಗಸದಿಂದ ಕೊಯ್ಯಬೇಡಿ, ಒಡೆಯಬೇಡಿ, ಡ್ರಿಲ್ ಹಾಕಬೇಡಿ. ಅದರ ಧೂಳು ಶ್ವಾಸಕೋಶದಲ್ಲಿ ಉಳಿದು ವರ್ಷಗಳ ನಂತರ ಮಾರಕ ರೋಗ ತರುತ್ತದೆ. ನೀರು ಚಿಮುಕಿಸಿ ಒದ್ದೆ ಮಾಡಿ, ಮೊಳೆ ಬಿಚ್ಚಿ, ಇಡೀ ಹಾಳೆಯಾಗಿಯೇ ಇಳಿಸಿ ಪ್ಲಾಸ್ಟಿಕ್‌ನಲ್ಲಿ ಸುತ್ತಬೇಕು. ಇದನ್ನು ಬಲ್ಲವರ ಕೈಯಲ್ಲಿ ಮಾಡಿಸುವುದೇ ಒಳ್ಳೆಯದು.

ಎರಡನೆಯದು ಸೀಸ. ನಮ್ಮ ದೇಶದಲ್ಲಿ ಮನೆಬಣ್ಣದಲ್ಲಿ ಸೀಸದ ಪ್ರಮಾಣವನ್ನು 90 ಪಿಪಿಎಂಗೆ (ಹತ್ತು ಲಕ್ಷ ಭಾಗಕ್ಕೆ 90 ಭಾಗ) ಮಿತಿಗೊಳಿಸಿದ ನಿಯಮಗಳು ಬಂದದ್ದು 2016ರಲ್ಲಿ, ಜಾರಿಯಾದದ್ದು 2017ರ ನವೆಂಬರ್‌ನಲ್ಲಿ. ಅದಕ್ಕಿಂತ ಹಳೆಯ ಎಣ್ಣೆಬಣ್ಣದಲ್ಲಿ, ಅದರಲ್ಲೂ ಹಳದಿ, ಹಸಿರು, ಕೆಂಪು ಬಣ್ಣಗಳಲ್ಲಿ ಸೀಸ ಇದೆ ಎಂದೇ ಭಾವಿಸಿ ನಡೆಯಿರಿ. ಒಣ ಉಜ್ಜುಕಾಗದ ಬೇಡ, ಬೆಂಕಿ ಹಿಡಿದು ಸುಡುವುದಂತೂ ಬೇಡವೇ ಬೇಡ. ಒದ್ದೆ ಮಾಡಿ ಕೆರೆಯಿರಿ, ಸರಿಯಾದ ಮಾಸ್ಕ್ ಧರಿಸಿ, ಉದುರಿದ್ದನ್ನು ಒದ್ದೆ ಬಟ್ಟೆಯಿಂದ ಒರೆಸಿ ತೆಗೆಯಿರಿ. ಗರ್ಭಿಣಿಯರು ಮತ್ತು ಚಿಕ್ಕ ಮಕ್ಕಳು ಆ ದಿನಗಳಲ್ಲಿ ಮನೆಯಲ್ಲಿ ಇರಬಾರದು.

ಮಾಡು

ಸ್ವಿಟ್ಜರ್ಲೆಂಡಿನ ಕ್ರೈಸ್ತ ಸಂಸ್ಥೆಯಾದ ಬಾಸೆಲ್ ಮಿಷನ್ ಮಂಗಳೂರಿನಲ್ಲಿ 1860ರ ದಶಕದಲ್ಲಿ ಹಂಚಿನ ಕಾರ್ಖಾನೆ ತೆರೆದ ಮೇಲೆ ಈ ಹಂಚು ಘಟ್ಟ ಹತ್ತಿ ನಮ್ಮ ಊರುಗಳಿಗೆ ಬಂತು. ಹಂಚಿನ ಮೇಲೆ ಅಚ್ಚಾಗಿರುವ ಇಸವಿ ಕಂಡು ಮನೆ ಅಷ್ಟು ಹಳೆಯದೆಂದು ಹೇಳುವವರಿದ್ದಾರೆ. ಹಾಗೆ ಅಚ್ಚಾದ ಇಸವಿ ಸಾಮಾನ್ಯವಾಗಿ ಕಾರ್ಖಾನೆ ಶುರುವಾದದ್ದು, ಹಂಚು ಸುಟ್ಟದ್ದಲ್ಲ. ಆದರೆ ಆ ಅಚ್ಚು ಬೇರೊಂದು ಕಾರಣಕ್ಕೆ ಮುಖ್ಯ. ಹಂಚುಗಳು ಒಂದಕ್ಕೊಂದು ಸಿಕ್ಕಿಕೊಳ್ಳುವ ಕಚ್ಚು ಒಂದೊಂದು ಕಾರ್ಖಾನೆಯದು ಒಂದೊಂದು ರೀತಿ ಇರುವುದರಿಂದ ಬೇರೆ ಅಚ್ಚಿನ ಹಂಚು ನಿಮ್ಮದರ ಪಕ್ಕ ಸರಿಯಾಗಿ ಕೂರುವುದಿಲ್ಲ. ಕೊಳ್ಳಲು ಹೋಗುವಾಗ ನಿಮ್ಮ ಮಾಡಿನ ಒಂದು ಹಂಚನ್ನು ಜೊತೆಗೇ ಒಯ್ದು ಅಲ್ಲಿಯೇ ಜೋಡಿಸಿ ನೋಡಿ. ಹಳೆಯ ಮನೆ ಕೆಡವಿದವರ ಬಳಿ ಸಿಗುವ ಹಂಚು ಅನೇಕ ವೇಳೆ ಹೊಸದಕ್ಕಿಂತ ಚೆನ್ನಾಗಿರುತ್ತದೆ. ಬೆರಳಗೆಣ್ಣಿನಿಂದ ತಟ್ಟಿ: ಗಂಟೆಯಂತೆ ಣಣ್ ಎಂದರೆ ತೆಗೆದುಕೊಳ್ಳಿ, ಬೊದ್ದಾಗಿ ಕೇಳಿದರೆ ಒಳಗೆ ಸೀಳಿದೆ.

ನೂರು ಚದರಡಿ ಇಳಿಜಾರಿಗೆ ಸುಮಾರು 150 ಹಂಚುಗಳು ಬೇಕು. ನಮ್ಮ ಪಡಸಾಲೆ 308 ಚದರಡಿ, ಮಾಡಿನ ಓರೆ 30 ಡಿಗ್ರಿ. ಓರೆಯ ಮೇಲೆ ಅಳೆದರೆ ಅದು 356 ಚದರಡಿ ಆಗುತ್ತದೆ, ಅಂದರೆ 535 ಹಂಚು, ಸೂರಿನ ಚಾಚು ಬೇರೆ. ಎಲ್ಲವನ್ನೂ ಬದಲಿಸಬೇಕಿಲ್ಲ. ಇಳಿಸಿ, ಪಾಚಿಯನ್ನು ನಾರಿನ ಬ್ರಷ್‌ನಿಂದ ತೊಳೆದು, ಒಡೆದದ್ದನ್ನು ಬೇರ್ಪಡಿಸಿ ಮತ್ತೆ ಹೊದಿಸಿದರೆ ಹೆಚ್ಚಿನವು ಉಳಿಯುತ್ತವೆ. ಮಾಡಿನ ಮೇಲೆ ನಡೆಯುವಾಗ ಹಂಚಿನ ಮೇಲೆ ಕಾಲಿಡದೆ, ಪಕಾಸಿಗಳ ಮೇಲೆ ಭಾರ ಬೀಳುವಂತೆ ಏಣಿ ಮಲಗಿಸಿ ಹತ್ತಬೇಕು.

ಹಂಚು ಇಳಿಸಿದಾಗ ಪ್ರತಿ ಪಕಾಸಿಯನ್ನು, ಹಂಚು ಕೂರುವ ಅಡ್ಡಪಟ್ಟಿಯಾದ ರೀಪನ್ನು ಚೂಪಾದ ಉಳಿಯಿಂದ ಚುಚ್ಚಿ ನೋಡಿ. ಮುಖ್ಯವಾಗಿ ಗೋಡೆಯೊಳಗೆ ಹೂತ ತುದಿಗಳು, ಏಕೆಂದರೆ ಕೊಳೆ ಅಲ್ಲಿಂದಲೇ ಶುರುವಾಗುತ್ತದೆ. ತುದಿ ಮಾತ್ರ ಕೊಳೆತಿದ್ದರೆ ಇಡೀ ಪಕಾಸಿ ಎಸೆಯಬೇಡಿ. ಕೊಳೆತದ್ದನ್ನು ಕತ್ತರಿಸಿ, ಪಕ್ಕಕ್ಕೆ ಅದೇ ಜಾತಿಯ ಮರದ ತುಂಡು ಕೂರಿಸಿ ಬೋಲ್ಟ್ ಹಾಕಿ ಗಟ್ಟಿ ಮಾಡುವ ಬಡಗಿಗಳು ಈಗಲೂ ಇದ್ದಾರೆ. ಮರೆಯಲ್ಲಿ ಉಳಿಯುವ ಮರಕ್ಕೆ ಗೇರೆಣ್ಣೆ (ಗೇರುಬೀಜದ ಸಿಪ್ಪೆಯ ಎಣ್ಣೆ) ಬಳಿಯುವುದು ನಮ್ಮ ಕಡೆಯ ಹಳೆಯ ರೂಢಿ, ಗೆದ್ದಲಿಗೆ ಅದು ಒಳ್ಳೆಯ ತಡೆ. ಆದರೆ ಅದು ಚರ್ಮ ಸುಡುತ್ತದೆ, ಮರವನ್ನು ಕಪ್ಪು ಮಾಡುತ್ತದೆ. ಕೈಗವಸು ಬೇಕೇ ಬೇಕು, ಮತ್ತು ಕಣ್ಣಿಗೆ ಕಾಣುವ ಮರಕ್ಕೆ ಅದು ಬೇಡ.

ಮಂಗಗಳ ಕಾಟಕ್ಕೆ ಬೇಸತ್ತು ಹಂಚು ತೆಗೆದು ತಗಡು ಹೊದಿಸುವವರು ಈಗ ಹೆಚ್ಚುತ್ತಿದ್ದಾರೆ. ಅವರ ಕಷ್ಟ ನನಗೆ ಗೊತ್ತು, ನಮ್ಮಲ್ಲೂ ವರ್ಷಕ್ಕೆ ಹಲವು ಹಂಚು ಒಡೆಯುತ್ತವೆ. ಆದರೂ ಪಡಸಾಲೆಯ ಮೇಲೆ ಬರಿಯ ತಗಡು ಹಾಕಿದರೆ ಮಧ್ಯಾಹ್ನ ಕಾವಲಿಯಂತೆ ಕಾಯುತ್ತದೆ, ಮಳೆಯಲ್ಲಿ ಎದುರಿಗೆ ಕೂತವರ ಮಾತು ಕೇಳುವುದಿಲ್ಲ. ಕರಾವಳಿಯವರಂತೆ ಕೆಳಗೊಂದು ಚಪ್ಪಟೆ ಸೀಲಿಂಗ್ ಹಂಚು, ಮೇಲೊಂದು ಮಂಗಳೂರು ಹಂಚು ಹೊದಿಸುವುದು ನನಗೆ ಮೆಚ್ಚಿಗೆಯಾದ ದಾರಿ. ಮೇಲಿನದು ಒಡೆದರೂ ನೀರು ನೇರ ಒಳಗೆ ಬೀಳುವುದಿಲ್ಲ, ಬಿಸಿಯೂ ತಗ್ಗುತ್ತದೆ, ಕೆಳಗಿನಿಂದ ನೋಡಲು ಅಚ್ಚುಕಟ್ಟು. ಮಾಡಿನ ಭಾರ ಹೆಚ್ಚುವುದರಿಂದ ಪಕಾಸಿಗಳು ತಾಳುತ್ತವೆಯೇ ಎಂದು ಬಡಗಿಯನ್ನು ಮೊದಲೇ ಕೇಳಿ.

ಹೊದಿಸುವಾಗಲೇ ಗಾಜಿನ ಹಂಚುಗಳ ಜಾಗ ನಿರ್ಧರಿಸಿ. ಇಡೀ ನವೀಕರಣದಲ್ಲಿ ಇಷ್ಟು ಕಡಿಮೆ ಖರ್ಚಿಗೆ ಇಷ್ಟು ದೊಡ್ಡ ಬದಲಾವಣೆ ತರುವುದು ಬೇರೊಂದಿಲ್ಲ. ನಾವು ನಾಲ್ಕು ಹಾಕಿದೆವು. ಉತ್ತರ ಅಥವಾ ಪೂರ್ವದ ಇಳಿಜಾರಿಗೆ ಹಾಕಿದರೆ ಬೆಳಕು ಬರುತ್ತದೆ, ಮಧ್ಯಾಹ್ನದ ಕಾವು ಕಡಿಮೆ. ಟಿವಿ ಇಡುವ ಜಾಗದ ಎದುರಿಗೆ ಮಾತ್ರ ಬೇಡ.

ಅಂಗಳ ಮತ್ತು ಗೆದ್ದಲು

ಒಳಗಿನ ಗೋಡೆ ಒದ್ದೆಯಾಗಲು ಕಾರಣ ಬಹಳ ಸಲ ಹೊರಗಿರುತ್ತದೆ. ಪ್ರತಿ ಹತ್ತು ವರ್ಷಕ್ಕೊಮ್ಮೆ ಅಂಗಳಕ್ಕೆ ಮಣ್ಣು, ಸಿಮೆಂಟ್, ಟೈಲ್ಸ್ ಹಾಕುತ್ತಾ ಹೋದಂತೆ ಅಂಗಳ ಏರಿ, ಮನೆಯ ನೆಲ ತಗ್ಗಾಗುತ್ತದೆ. ಹೊರಗಿನ ನೆಲ ಒಳಗಿನ ನೆಲಕ್ಕಿಂತ ಆರು ಅಂಗುಲವಾದರೂ ಕೆಳಗಿರಬೇಕು. ಗೋಡೆಗೆ ತಾಗಿದ ಸಿಮೆಂಟ್ ಪಟ್ಟಿಯನ್ನು ಕಿತ್ತು, ಎರಡು ಅಡಿ ಅಗಲಕ್ಕೆ ಜಲ್ಲಿ ತುಂಬಿ, ಸೂರಿನ ನೀರು ಹರಿದು ದೂರ ಹೋಗುವಂತೆ ಕಾಲುವೆ ಮಾಡಿ. ನಮ್ಮ ಗೋಡೆಯ ತೇವದಲ್ಲಿ ಅರ್ಧಕ್ಕಿಂತ ಹೆಚ್ಚು ಕಡಿಮೆಯಾದದ್ದು ಈ ಒಂದು ಕೆಲಸದಿಂದ.

ಗೋಡೆ ಬುಡದಲ್ಲಿ, ಬಾಗಿಲ ಚೌಕಟ್ಟಿನಲ್ಲಿ ಮಣ್ಣಿನ ಕೊಳವೆಗಳು ಕಂಡರೆ ಗೆದ್ದಲು ಹಿಡಿದಿದೆ. ಮರದ ಕೆಳಗೆ ಹಿಟ್ಟಿನಂಥ ಪುಡಿ ಬಿದ್ದಿದ್ದರೆ ಅದು ಕುಟ್ಟೆ ಹುಳುವಿನ ಕೆಲಸ. ಗೆದ್ದಲಿಗೆ ಗೋಡೆ ಮತ್ತು ನೆಲ ಸೇರುವಲ್ಲಿ ಅಡಿಗೊಂದು ರಂಧ್ರ ಕೊರೆದು ಔಷಧ ತುಂಬುತ್ತಾರೆ. ಕೆಂಪು ನೆಲ ಇರುವಲ್ಲಿ ರಂಧ್ರವನ್ನು ನೆಲದಲ್ಲಿ ಕೊರೆಯಲು ಬಿಡದೆ ಗೋಡೆಯ ಬುಡದಲ್ಲಿ ಓರೆಯಾಗಿ ಕೊರೆಸಿ. ಬಾವಿ ಹತ್ತಿರವಿದ್ದರೆ ಔಷಧ ಹಾಕುವವರಿಗೆ ಅದನ್ನು ಮೊದಲೇ ತೋರಿಸಿ.

ವಿದ್ಯುತ್

ಮರದ ಪಟ್ಟಿಯ ಮೇಲೆ ಓಡುವ ಹಳೆಯ ತಂತಿ, ಎರಡು ರಂಧ್ರದ ಪ್ಲಗ್, ಪಿಂಗಾಣಿ ಫ್ಯೂಸ್ ಇದ್ದರೆ ದುರಸ್ತಿ ಮಾತು ಬಿಡಿ, ಎಲ್ಲವನ್ನೂ ಹೊಸದಾಗಿ ಮಾಡಿಸಿ. ಇಂಥ ಮನೆಗಳಲ್ಲಿ ಅರ್ಥಿಂಗ್ ಇಲ್ಲದಿರುವುದು ಸಾಮಾನ್ಯ. ಪರವಾನಗಿ ಇರುವ ಗುತ್ತಿಗೆದಾರರಿಂದಲೇ ಕೆಲಸ ಮಾಡಿಸಿ, ಹೊಸ ಅರ್ಥಿಂಗ್ ಗುಂಡಿ ತೆಗೆಸಿ, ಅದರ ರೋಧವನ್ನು ನಿಮ್ಮ ಎದುರಿಗೆ ಅಳೆಸಿ.

ದೀಪ ಮತ್ತು ಫ್ಯಾನಿಗೆ 1.5 ಚದರ ಮಿಲಿಮೀಟರ್ ತಾಮ್ರದ ತಂತಿ, ಪವರ್ ಪ್ಲಗ್ಗಿಗೆ 2.5, ಎಸಿ ಇದ್ದರೆ ಅದಕ್ಕೆ ಬೇರೆಯದೇ ಸಾಲಿನಲ್ಲಿ 4. ಒಂದು ದೀಪದ ಸಾಲಿಗೆ 10 ಪಾಯಿಂಟ್ ಅಥವಾ 800 ವ್ಯಾಟ್ ಮೀರಬಾರದು. ಎಂಸಿಬಿ (ಹೊರೆ ಹೆಚ್ಚಾದರೆ ವಿದ್ಯುತ್ ಕಡಿಯುವ ಸ್ವಿಚ್) ತಂತಿಯನ್ನು ಕಾಯುತ್ತದೆ, 30 ಮಿಲಿಆಂಪಿಯರ್‌ನ ಆರ್‌ಸಿಸಿಬಿ (ವಿದ್ಯುತ್ ಸೋರಿದರೆ ಕಡಿಯುವ ಸ್ವಿಚ್) ಮನುಷ್ಯರನ್ನು ಕಾಯುತ್ತದೆ. ಒಂದಿದೆ ಎಂದು ಇನ್ನೊಂದನ್ನು ಬಿಡಬೇಡಿ. ಏಪ್ರಿಲ್, ಮೇ ತಿಂಗಳಲ್ಲಿ ಸಿಡಿಲು ಹೆಚ್ಚಿರುವ ಊರಾದರೆ ವೋಲ್ಟೇಜ್ ಹಠಾತ್ತನೆ ಏರುವುದನ್ನು ತಡೆಯುವ ಸರ್ಜ್ ರಕ್ಷಕವನ್ನೂ ಬೋರ್ಡಿನಲ್ಲಿ ಸೇರಿಸಿ.

ಜಂಬಿಟ್ಟಿಗೆ ಅಥವಾ ಮಣ್ಣಿನ ಗೋಡೆಯನ್ನು ಕೊರೆದು ಪೈಪ್ ಹೂಳುವುದು ನನಗೆ ಸರಿಬರುವುದಿಲ್ಲ. ಪೈಪಿಗೆ ತೋಡು ಕೊರೆಯುವಾಗ ಸುತ್ತಲಿನ ಗಿಲಾವೆಲ್ಲ ಸಡಿಲವಾಗುತ್ತದೆ. ತೊಲೆಯ ಪಕ್ಕ, ಬಾಗಿಲ ಚೌಕಟ್ಟಿನ ಅಂಚಿನಲ್ಲಿ ಗಟ್ಟಿ ಪೈಪನ್ನು ಹೊರಮೈಯಲ್ಲೇ ಓಡಿಸಿ, ಅದಕ್ಕೆ ಮರದ ಅಥವಾ ಗೋಡೆಯ ಬಣ್ಣ ಕೊಡಿ. ಇಲಿ ಇರುವ ಅಟ್ಟದಲ್ಲಿ ಪೈಪಿಲ್ಲದ ತಂತಿ ಒಂದು ಗೇಣೂ ಇರಬಾರದು.

ಗೋಡೆ: ಸುಣ್ಣಕ್ಕೆ ಸುಣ್ಣವೇ ಜೊತೆ

ಹಳೆಯ ಗೋಡೆಗೆ ತೇವ ಬರುವುದು ಸಹಜ, ಮತ್ತು ಸುಣ್ಣದ ಗಾರೆ ಆ ತೇವವನ್ನು ಹೊರಗೆ ಆವಿಯಾಗಲು ಬಿಡುತ್ತದೆ. ಅದರ ಮೇಲೆ ಸಿಮೆಂಟ್ ಬಳಿದಾಗ ತೇವ ಹೊರಬರಲಾರದೆ ಒಳಗೇ ಮೇಲೇರುತ್ತದೆ, ಸಿಮೆಂಟ್ ಮುಗಿದ ಅಂಚಿನಲ್ಲಿ ಉಪ್ಪಾಗಿ ಹೂಬಿಡುತ್ತದೆ. ನಮ್ಮ ಗೋಡೆಯಲ್ಲಿ ನಾಲ್ಕು ಅಡಿಗೆ ಸರಿಯಾಗಿ ಬಿಳಿಗೆರೆ ಮೂಡಿದ್ದರ ಗುಟ್ಟು ಇದೇ. ತೇವ ತಡೆಯುವ ರಾಸಾಯನಿಕ ಬಳಿಯಲು ಒಬ್ಬರು ಸಲಹೆ ಕೊಟ್ಟರು. ಒಂದು ಮೂಲೆಯಲ್ಲಿ ಬಳಿದು ನೋಡಿದೆವು. ಮುಂದಿನ ಮಳೆಗಾಲಕ್ಕೆ ಕಲೆ ಒಂದು ಅಡಿ ಮೇಲಕ್ಕೆ ಸರಿದು ಕೂತಿತ್ತು.

ಆದ್ದರಿಂದ ಮೊದಲು ಸಿಮೆಂಟನ್ನು ಕೀಳಬೇಕು. ಸಣ್ಣ ಉಳಿ, ಹಗುರ ಸುತ್ತಿಗೆ, ಮೇಲಿನಿಂದ ಕೆಳಕ್ಕೆ. ಯಂತ್ರ ಬೇಡ, ಅದು ಜಂಬಿಟ್ಟಿಗೆಯನ್ನೂ ಕಿತ್ತು ತರುತ್ತದೆ. ಕಿತ್ತ ಮೇಲೆ ಉಪ್ಪನ್ನು ಒಣ ಬ್ರಷ್‌ನಿಂದ ಗುಡಿಸಿ ತೆಗೆಯಿರಿ. ನೀರು ಹಾಕಿ ತೊಳೆದರೆ ಉಪ್ಪು ಕರಗಿ ಮತ್ತೆ ಗೋಡೆಯೊಳಗೇ ಹೋಗುತ್ತದೆ. ಬರಿಗೋಡೆಯನ್ನು ಎರಡು ಮೂರು ವಾರ ಗಾಳಿಗೆ ಬಿಡಿ. ಈ ಕಾಯುವಿಕೆಯನ್ನು ಯಾವ ಮೇಸ್ತ್ರಿಯೂ ಇಷ್ಟಪಡುವುದಿಲ್ಲ, ಆದರೆ ನೀವು ಮಣಿಯಬಾರದು.

ಸುಣ್ಣವನ್ನು ಈ ಕೆಲಸಕ್ಕೆ ಬಹಳ ಮೊದಲೇ ಅರಳಿಸಿಡಬೇಕು. ಸುಟ್ಟ ಸುಣ್ಣದ ಕಲ್ಲನ್ನು ನೀರಿಗೆ ಹಾಕಿದಾಗ ಅದು ಕುದಿಯುತ್ತದೆ, ಸಿಡಿಯುತ್ತದೆ. ಕಲ್ಲನ್ನು ನೀರಿಗೆ ಸ್ವಲ್ಪಸ್ವಲ್ಪವಾಗಿ ಹಾಕಬೇಕು, ಕಲ್ಲಿನ ರಾಶಿಗೆ ನೀರು ಸುರಿಯಬಾರದು. ಕನ್ನಡಕ, ಕೈಗವಸು ಇಲ್ಲದೆ ಹತ್ತಿರ ಹೋಗಬೇಡಿ; ಸುಣ್ಣ ಬಿದ್ದ ಕಣ್ಣು ಉಳಿಯುವುದು ಕಷ್ಟ. ಅರಳಿದ ಸುಣ್ಣವನ್ನು ಸೋಸಿ, ಮೇಲೆ ನೀರು ನಿಲ್ಲುವಂತೆ ಕನಿಷ್ಠ ಎರಡು ವಾರ ಮುಚ್ಚಿಡಿ. ಇನ್ನೂ ಹೆಚ್ಚು ದಿನ ಇಟ್ಟಷ್ಟೂ ಬೆಣ್ಣೆಯಂತಾಗುತ್ತದೆ.

ಒಳಪದರಕ್ಕೆ ಒಂದು ಪಾಲು ಸುಣ್ಣಕ್ಕೆ ಮೂರು ಪಾಲು ಒರಟು ಮರಳು, ಮೇಲ್ಪದರಕ್ಕೆ ಒಂದಕ್ಕೆ ಎರಡು ನಯ ಮರಳು. ಹಳಬರು ಬೆಲ್ಲ ಮತ್ತು ಅಳಲೆಕಾಯಿ ನೆನೆಸಿದ ನೀರನ್ನು ಗಾರೆಗೆ ಬೆರೆಸುತ್ತಿದ್ದರು. ಗಾರೆ ಹದವಾಗಿ ಹರಡಲು, ಬಿಗಿಯಾಗಲು ಅದು ನೆರವಾಗುತ್ತದೆ. ಗೋಡೆಯನ್ನು ಒದ್ದೆ ಮಾಡಿ, ಒಂದು ಪದರ ಅರ್ಧ ಅಂಗುಲ ಮೀರದಂತೆ ಹಚ್ಚಿ, ಹಣಿಗೆಯಂತೆ ಗೆರೆ ಎಳೆದು ಬಿಡಿ. ವಾರವಾದರೂ ಕಳೆದ ಮೇಲೆ ಮುಂದಿನ ಪದರ. ಸುಣ್ಣ ಗಟ್ಟಿಯಾಗುವುದು ಗಾಳಿಯಿಂದ ಇಂಗಾಲದ ಡೈಆಕ್ಸೈಡ್ ಹೀರಿಕೊಂಡು, ಅದೂ ತೇವ ಇರುವಾಗ. ಬೇಸಿಗೆಯ ಬಿಸಿಲಿಗೆ ಅವಸರದಲ್ಲಿ ಒಣಗಿದರೆ ಪುಡಿಯಾಗಿ ಉದುರುತ್ತದೆ. ಒದ್ದೆ ಗೋಣಿಚೀಲ ಇಳಿಬಿಟ್ಟು ದಿನಕ್ಕೆ ಎರಡು ಮೂರು ಸಲ ನೀರು ಚಿಮುಕಿಸಿ.

ಗಾರೆ ಬಲ್ಲ ಕೆಲಸಗಾರರು ಸಿಗದಿದ್ದರೆ? ನಮ್ಮ ಮೇಸ್ತ್ರಿಗೂ ಅದು ಹೊಸದಾಗಿತ್ತು. ದನದ ಕೊಟ್ಟಿಗೆಯ ಗೋಡೆಯಲ್ಲಿ ಒಂದು ಗಜದಷ್ಟು ಹಚ್ಚಿ ಕೈ ಪಳಗಿಸಿಕೊಂಡ ಮೇಲೆ ಪಡಸಾಲೆಗೆ ಬಂದರು. ಆ ಒಂದು ವಾರ ವ್ಯರ್ಥವಾಗಲಿಲ್ಲ.

ನೆಲ

ಕೆಂಪು ನೆಲ ಇದ್ದರೆ ದಯವಿಟ್ಟು ಅದರ ಮೇಲೆ ಟೈಲ್ಸ್ ಹಾಕಬೇಡಿ. ಅಷ್ಟು ವರ್ಷ ಪಾದಗಳು ಉಜ್ಜಿ ತಂದ ಹೊಳಪನ್ನು ಯಾವ ಅಂಗಡಿಯೂ ಮಾರುವುದಿಲ್ಲ. ಮಂಕಾಗಿದ್ದರೆ ಮೆದು ಸೋಪಿನ ನೀರು, ನಾರಿನ ಬ್ರಷ್ ಸಾಕು. ಆಸಿಡ್ ಮುಟ್ಟಿಸಿದರೆ ಮೇಲ್ಮೈ ತಿಂದುಹೋಗಿ ಶಾಶ್ವತವಾಗಿ ಬಿಳಿಚುತ್ತದೆ. ಪೂರ್ತಿ ಒಣಗಿದ ಮೇಲೆ ತೆಳ್ಳಗೆ ಮೇಣದ ಪಾಲಿಷ್ ಅಥವಾ ನಾಲ್ಕು ಹನಿ ಕೊಬ್ಬರಿ ಎಣ್ಣೆ ಹಚ್ಚಿ ಬಟ್ಟೆಯಿಂದ ಉಜ್ಜಿ. ಹಿರಿಯರಿರುವ ಮನೆಯಲ್ಲಿ ಎಣ್ಣೆ ಉಳಿಯದಂತೆ ಒರೆಸಬೇಕು, ಜಾರಿದರೆ ಸೊಂಟದ ಮೂಳೆಯ ಪ್ರಶ್ನೆ.

ಕೂದಲೆಳೆಯ ಬಿರುಕುಗಳನ್ನು ಹಾಗೆಯೇ ಬಿಡಿ. ಕಿತ್ತುಹೋದ ಜಾಗಕ್ಕೆ ತೇಪೆ ಹಾಕುವುದಾದರೆ, ಮೊದಲು ಎರಡು ಅಡಿ ಚೌಕದ ಮಾದರಿ ಮಾಡಿಸಿ ಒಣಗಲು ಬಿಟ್ಟು ಬಣ್ಣ ಹೋಲಿಸಿ. ಹಸಿಯಾಗಿರುವಾಗಿನ ಕೆಂಪು ಒಣಗಿದ ಮೇಲೆ ತಿಳಿಯಾಗುತ್ತದೆ. ಇಡೀ ತೇಪೆಗೆ ಬೇಕಾದ ಸಿಮೆಂಟ್ ಮತ್ತು ಕೆಂಪು ಆಕ್ಸೈಡನ್ನು ಒಂದೇ ಸಲ ಒಣಗಿರುವಾಗಲೇ ಕಲಸಿಡಿ, ಇಲ್ಲದಿದ್ದರೆ ಛಾಯೆ ಬೇರೆಬೇರೆಯಾಗುತ್ತದೆ. ಕೆಳಗಿನ ಸಿಮೆಂಟ್ ಪದರ ಇನ್ನೂ ಹಸಿಯಾಗಿರುವಾಗಲೇ ಮೇಲೆ ಬಣ್ಣದ ತೆಳುಪದರ ಎಳೆದು, ಕರಣೆಯಿಂದ ಒತ್ತಿ ಒತ್ತಿ ನಯಗೊಳಿಸಬೇಕು. ಮರುದಿನದಿಂದ ಒಂದು ವಾರ ನೀರು ಕಟ್ಟಿ ನಿಲ್ಲಿಸಿ. ದೊಡ್ಡ ಜಾಗವಾದರೆ ನಾಲ್ಕು ಅಡಿಗೊಂದು ಗಾಜಿನ ಪಟ್ಟಿ ಕೊಟ್ಟು ಭಾಗ ಮಾಡಿದರೆ ಬಿರುಕು ಅಡ್ಡಾದಿಡ್ಡಿಯಾಗಿ ಓಡುವುದಿಲ್ಲ.

ಮೊಸಾಯಿಕ್ ನೆಲದವರಿಗೆ ಕೆಲಸ ಇನ್ನೂ ಸುಲಭ: ಒರಟಿನಿಂದ ನಯದವರೆಗೆ ಕಲ್ಲು ಬದಲಿಸುತ್ತಾ ಯಂತ್ರದಿಂದ ಪಾಲಿಷ್ ಮಾಡಿಸಿದರೆ ಹೊಸದರಂತಾಗುತ್ತದೆ. ಧೂಳು, ಕೆಸರು ಬಹಳ, ಗೋಡೆಗೆ ಮೂರಡಿ ಪ್ಲಾಸ್ಟಿಕ್ ಕಟ್ಟಿ.

ಮರ, ಬೆಳಕು, ಕೂರುವ ಜಾಗ

ಕಂಬ ಮತ್ತು ಬಾಗಿಲಿನ ಎಣ್ಣೆಬಣ್ಣವನ್ನು ಮೇಲೆ ಹೇಳಿದಂತೆ ಒದ್ದೆಯಾಗಿಯೇ ಕೆರೆದು ತೆಗೆದ ಮೇಲೆ ಅಗಸೆ ಎಣ್ಣೆಯ ಎರಡು ಮೂರು ತೆಳು ಕೈ ಸಾಕು. ನಮ್ಮ ಕಂಬಗಳು ಹಲಸಿನ ಮರದವೆಂದು ನನ್ನ ತಾಯಿಗೂ ಗೊತ್ತಿರಲಿಲ್ಲ, ಹಸಿರು ಬಣ್ಣದ ಕೆಳಗಿನಿಂದ ಆ ಹೊಂಬಣ್ಣ ಮೇಲೆದ್ದ ದಿನ ಮನೆಯವರೆಲ್ಲ ಬಂದು ಮುಟ್ಟಿ ನೋಡಿದರು. ಒಂದು ಎಚ್ಚರಿಕೆ: ಅಗಸೆ ಎಣ್ಣೆ ಒರೆಸಿದ ಬಟ್ಟೆಯನ್ನು ಮುದ್ದೆ ಮಾಡಿ ಎಸೆಯಬೇಡಿ. ಅದು ತಾನಾಗಿಯೇ ಬಿಸಿಯಾಗಿ ಹೊತ್ತಿಕೊಳ್ಳುತ್ತದೆ. ಹೊರಗೆ ಹರಡಿ ಒಣಗಿಸಿ, ಇಲ್ಲವೇ ನೀರಿನಲ್ಲಿ ಮುಳುಗಿಸಿಡಿ.

ಪೀಠೋಪಕರಣ ಕೊಳ್ಳುವ ಮೊದಲು ಆ ಕೋಣೆಯಲ್ಲಿ ದಿನವೂ ಕೂರುವವರು ಯಾರೆಂದು ಯೋಚಿಸಿ. ನಮ್ಮಲ್ಲಿ ಅದು ತಾಯಿ. ಆಳವಾದ ಸೋಫಾದಿಂದ ಅವರಿಗೆ ಏಳಲಾಗುವುದಿಲ್ಲ, ಆದ್ದರಿಂದ 18 ಅಂಗುಲ ಎತ್ತರದ, ಕೈ ಊರಿ ಏಳಲು ತೋಳುಗಳಿರುವ ಎರಡು ಮರದ ಕುರ್ಚಿ ಮಾಡಿಸಿದೆವು. ಹಳೆಯ ತೂಗುಮಂಚವನ್ನು ಮತ್ತೆ ನೇತುಹಾಕಿದೆವು, ತೊಲೆಯನ್ನು ಬಡಗಿ ಪರೀಕ್ಷಿಸಿ ಕೊಕ್ಕೆ ಬದಲಿಸಿದ ಮೇಲೆ. ಹೊಸ್ತಿಲ ಬಳಿ ರಾತ್ರಿಯಿಡೀ ಉರಿಯುವ ಸಣ್ಣ ದೀಪ ಇದೆ.

ದೀಪಗಳಲ್ಲಿ 2700ರಿಂದ 3000 ಕೆಲ್ವಿನ್‌ನ, ಅಂದರೆ ಹಳದಿ ಛಾಯೆಯ, ಎಲ್‌ಇಡಿ ಹಂಚಿನ ಕೆಂಪಿಗೆ, ನೆಲದ ಕೆಂಪಿಗೆ ಒಪ್ಪುತ್ತದೆ. ಬಿಳಿನೀಲಿ ಬೆಳಕಿನಲ್ಲಿ ಅದೇ ನೆಲ ಕಂದಿಹೋದಂತೆ ಕಾಣುತ್ತದೆ. ನಡುವೆ ಒಂದೇ ದೊಡ್ಡ ದೀಪದ ಬದಲು ಓದುವ ಜಾಗಕ್ಕೊಂದು, ಗೂಡಿಗೊಂದು, ತೊಲೆಯ ಮೇಲಿನಿಂದ ಹಂಚಿನತ್ತ ಮುಖ ಮಾಡಿದ ಒಂದೆರಡು ಹಾಕಿ. ಹಿರಿಯರ ಫೋಟೊಗಳನ್ನು ಮರಳಿ ತೂಗುಹಾಕುವಾಗ ಚೌಕಟ್ಟಿನ ಹಿಂದೆ ನಾಲ್ಕು ಮೂಲೆಗೂ ಬಿರಡೆಯ ತುಂಡು ಅಂಟಿಸಿ. ಗೋಡೆಗೂ ಚಿತ್ರಕ್ಕೂ ನಡುವೆ ಗಾಳಿಯಾಡಿದರೆ ಬೂಷ್ಟು ಹಿಡಿಯುವುದಿಲ್ಲ.

ಬಣ್ಣವನ್ನು ಕೊನೆಗೆ ಉಳಿಸಿ

ಸುಣ್ಣದ ಗೋಡೆಗೆ ಪ್ಲಾಸ್ಟಿಕ್ ಎಮಲ್ಷನ್ ಬಳಿದರೆ ಇಷ್ಟು ಕಷ್ಟಪಟ್ಟು ತೆರೆದ ಉಸಿರನ್ನು ನೀವೇ ಮುಚ್ಚಿದಂತೆ. ಸುಣ್ಣವನ್ನೇ ಹಾಲಿನಷ್ಟು ತೆಳುವಾಗಿ ಕಲಸಿ, ಬಟ್ಟೆಯಲ್ಲಿ ಸೋಸಿ, ಒದ್ದೆ ಗೋಡೆಯ ಮೇಲೆ ಐದಾರು ಕೈ ಹೊಡೆಯಿರಿ. ದಪ್ಪವಾಗಿ ಎರಡು ಕೈ ಹೊಡೆದರೆ ಬಟ್ಟೆಗೆ ಮೆತ್ತಿಕೊಳ್ಳುತ್ತದೆ. ಬಣ್ಣ ಬೇಕಿದ್ದರೆ ಹಳದಿ ಮಣ್ಣು, ಕೆಂಪು ಆಕ್ಸೈಡ್‌ನಂಥ ಖನಿಜದ ಬಣ್ಣಗಳು ಮಾತ್ರ ಸುಣ್ಣದಲ್ಲಿ ಉಳಿಯುತ್ತವೆ. ಅಂಗಡಿಯಲ್ಲಿ ಸಿಗುವ ಸಿಲಿಕೇಟ್ ಬಣ್ಣವೂ ಗೋಡೆಯ ತೇವವನ್ನು ಹೊರಬಿಡುತ್ತದೆ, ಬೆಲೆ ಮಾತ್ರ ಹೆಚ್ಚು.

ಮೊದಲ ವರ್ಷ ಎರಡು ಕೈ ಸುಣ್ಣ ಹೊಡೆದು ಅಲ್ಲಿಗೇ ನಿಲ್ಲಿಸಿ. ಗೋಡೆಗಳ ಆ ಹಳೆಯ ನೋಟ್‌ಬುಕ್ ಮತ್ತೆ ತೆಗೆದು, ಜೂನ್‌ನ ಮೊದಲ ಜೋರು ಮಳೆಗೆ ಟಾರ್ಚ್ ಹಿಡಿದು ಪಡಸಾಲೆ ಸುತ್ತಿ. ಹಿಂದಿನ ವರ್ಷ ಗುರುತಿಸಿದ ಪ್ರತಿ ಜಾಗವನ್ನೂ ಕೈಯಿಟ್ಟು ನೋಡಿ. ನಮಗೆ ಎರಡು ಕಡೆ ಹಂಚು ಸರಿದದ್ದು, ಒಂದು ಮೂಲೆಯಲ್ಲಿ ಇನ್ನೂ ಸ್ವಲ್ಪ ಉಪ್ಪು ಬಂದದ್ದು ಹಾಗೆಯೇ ಸಿಕ್ಕಿತು. ಅದನ್ನು ನವರಾತ್ರಿಯ ಹೊತ್ತಿಗೆ ಸರಿಪಡಿಸಿ, ಉಳಿದ ನಾಲ್ಕು ಕೈಯನ್ನು ದೀಪಾವಳಿಗೆ ಮೊದಲು ಹೊಡೆದೆವು.